ಶಾಲಾ ಲ್ಯಾಬಿಗೆ ಲಿಬ್ರೆಆಫೀಸ್ ಕ್ಯಾಲ್ಕ್: ಅಂಕಪಟ್ಟಿಯಿಂದ ಶುರುಮಾಡುವವರಿಗೆ

ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಸ್ಪ್ರೆಡ್‌ಶೀಟ್ ಕಲಿಸಲು ಲ್ಯಾಬಿನಲ್ಲಿ ಏನು ಹಾಕಿಸಬೇಕು ಎಂದು ಕೇಳಿದರೆ ನಮ್ಮ ಉತ್ತರ ಲಿಬ್ರೆಆಫೀಸ್ ಕ್ಯಾಲ್ಕ್, ಸಾಲು, ಕಾಲಂಗಳಲ್ಲಿ ಲೆಕ್ಕ ಮಾಡುವ ತಂತ್ರಾಂಶ. ಪುಕ್ಕಟೆ ಸಿಗುತ್ತದೆ ಅನ್ನುವುದು ಎರಡನೇ ಕಾರಣ. ಮೊದಲ ಕಾರಣ ಒಂದು ಕೀಲಿ: ಕಂಟ್ರೋಲ್ ಮತ್ತು ಎಫ್8 ಒಟ್ಟಿಗೆ ಒತ್ತಿದರೆ ಹಾಳೆಯಲ್ಲಿರುವ ಅಕ್ಷರಗಳೆಲ್ಲ ಕಪ್ಪು, ಅಂಕಿಗಳೆಲ್ಲ ನೀಲಿ, ಸೂತ್ರಗಳೆಲ್ಲ ಹಸಿರು ಆಗುತ್ತವೆ. ಕಲಿಯುವ ಮಗುವಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಯಾಕೆಂದರೆ ಸ್ಪ್ರೆಡ್‌ಶೀಟಿನ ಮುಖ್ಯ ತಪ್ಪುಗಳು ಸದ್ದಿಲ್ಲದೆ ಆಗುತ್ತವೆ. 80 ಎಂದು ಹೊಡೆಯುವ ಬದಲು ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ‘ಓ’ ಅಕ್ಷರ ಹೊಡೆದರೆ ಕಣ್ಣಿಗೆ ಅದು ಎಂಬತ್ತೇ. ಕ್ಯಾಲ್ಕ್‌ಗೆ ಅದು ಬರಿಯ ಅಕ್ಷರ. ಸಮ್ ಸೂತ್ರ ಅದನ್ನು ಬಿಟ್ಟು ಉಳಿದದ್ದನ್ನು ಕೂಡಿ ಸುಮ್ಮನಾಗುತ್ತದೆ. ಒಟ್ಟಿನಲ್ಲಿ 80 ಕಡಿಮೆ ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ಬಣ್ಣ ಹಾಕದೆಯೂ ಇದನ್ನು ಹಿಡಿಯುವ ಗುರುತೊಂದಿದೆ: ಅಂಕಿ ಬಲಕ್ಕೆ ಒರಗುತ್ತದೆ, ಅಕ್ಷರ ಎಡಕ್ಕೆ. ಹಾಗಾಗಿ ಮೊದಲ ವಾರ ‘ಸೆಂಟರ್’ ಬಟನ್ ಮುಟ್ಟಲು ಬಿಡಬೇಡಿ. ಹಾಳೆ ಅಂದವಾಗಿ ಕಾಣಲೆಂದು ಎಲ್ಲವನ್ನೂ ಮಧ್ಯಕ್ಕೆ ತಂದರೆ ಆ ಗುರುತೇ ಅಳಿಸಿಹೋಗುತ್ತದೆ.

ಪಾಠಕ್ಕೆ ಎಸ್ಸೆಸ್ಸೆಲ್ಸಿ ಮಾದರಿಯ ಅಂಕಪಟ್ಟಿಯಷ್ಟು ಒಳ್ಳೆಯ ಸಾಮಗ್ರಿ ಬೇರೆ ಇಲ್ಲ. ಪ್ರಥಮ ಭಾಷೆ 125, ಉಳಿದ ಐದು ವಿಷಯ ತಲಾ 100, ಒಟ್ಟು 625. ಎ ಕಾಲಂನಲ್ಲಿ ಹತ್ತು ಹೆಸರು, ಬಿಯಿಂದ ಜಿವರೆಗೆ ಆರು ವಿಷಯ, ಹೆಚ್‌ನಲ್ಲಿ ಒಟ್ಟು, ಐನಲ್ಲಿ ಶೇಕಡಾ. 625 ಅನ್ನು ಪಕ್ಕದಲ್ಲಿ ಕೆ1 ಕೋಶದಲ್ಲಿ (ಸೆಲ್) ಒಂದೇ ಸಲ ಬರೆಯಿರಿ. ಹೆಚ್2ರಲ್ಲಿ =ಸಮ್(ಬಿ2:ಜಿ2) ಕೊಟ್ಟು, ಕೋಶದ ಕೆಳಬಲ ಮೂಲೆಯ ಪುಟ್ಟ ಚೌಕವನ್ನು ಹಿಡಿದು ಕೆಳಗೆಳೆದರೆ ಹತ್ತೂ ಸಾಲಿಗೆ ಒಟ್ಟು ಬರುತ್ತದೆ.

ಶೇಕಡಾವಾರಿಗೆ ಮಕ್ಕಳು ಮೊದಲು ಕೈಹಾಕುವುದು ಸರಾಸರಿಯ ಆವರೇಜ್ ಸೂತ್ರಕ್ಕೆ. ಹಾಕಲಿ ಬಿಡಿ. 120, 80, 75, 70, 82, 73 ತೆಗೆದ ವಿದ್ಯಾರ್ಥಿಗೆ ಅದು 83.33 ತೋರಿಸುತ್ತದೆ. ಒಟ್ಟು 500; ಅದನ್ನು 625ರಿಂದ ಭಾಗಿಸಿದರೆ ನಿಜವಾದ ಶೇಕಡಾ 80. 125ರ ವಿಷಯವನ್ನೂ ನೂರರ ವಿಷಯವನ್ನೂ ಒಂದೇ ತಕ್ಕಡಿಗೆ ಹಾಕಿದ್ದರಿಂದ ಬಂದ ವ್ಯತ್ಯಾಸ ಇದು. ಸೂತ್ರ ಸರಿಯಿದ್ದೂ ಉತ್ತರ ತಪ್ಪಾಗಬಹುದು ಎಂಬುದು ಮಗುವಿಗೆ ಇಲ್ಲೇ ಮನದಟ್ಟಾಗುತ್ತದೆ.

ಮುಂದೆ ಐ2ರಲ್ಲಿ =ಹೆಚ್2/ಕೆ1*100 ಬರೆದು ಕೆಳಗೆಳೆಯಲು ಹೇಳಿ. ಮೊದಲ ಸಾಲು ಸರಿ, ಎರಡನೆಯದರಿಂದ ಸೊನ್ನೆಯಿಂದ ಭಾಗಿಸಿದ ದೋಷ. ದೋಷವಿರುವ ಕೋಶದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸೂತ್ರ ಯಾವ ಕೋಶಗಳನ್ನು ನೋಡುತ್ತಿದೆಯೋ ಅವುಗಳ ಸುತ್ತ ಬಣ್ಣದ ಚೌಕಟ್ಟು ಮೂಡುತ್ತದೆ. ಕೆ1 ಜಾರಿ ಖಾಲಿ ಕೆ2ಕ್ಕೆ ಬಂದಿರುವುದು ಆಗ ಮಗುವಿಗೇ ಕಾಣುತ್ತದೆ. ಐ2ಕ್ಕೆ ವಾಪಸ್ ಹೋಗಿ, ಸೂತ್ರದೊಳಗೆ ಕೆ1ರ ಮೇಲೆ ಕರ್ಸರ್ ಇಟ್ಟು ಎಫ್4 ಒತ್ತಿದರೆ ಅದು $ಕೆ$1 ಆಗುತ್ತದೆ, ಎಳೆದರೂ ಜಾರದೆ ನಿಲ್ಲುತ್ತದೆ. ಮತ್ತೆ ಎಳೆದರೆ ಎಲ್ಲ ಸಾಲೂ ಸರಿ. ಡಾಲರ್ ಚಿಹ್ನೆಯನ್ನು ಬೋರ್ಡಿನ ಮೇಲೆ ಅರ್ಧ ಗಂಟೆ ವಿವರಿಸುವುದಕ್ಕಿಂತ ಈ ತಪ್ಪನ್ನು ಒಮ್ಮೆ ಮಾಡಿಸುವುದು ಮೇಲು.

ಪಾಸು, ಫೇಲಿನಲ್ಲಿ ಇನ್ನೂ ಅಪಾಯದ ತಪ್ಪೊಂದಿದೆ. ಗಡಿ 35 ಎಂದಿಟ್ಟುಕೊಳ್ಳಿ. ಗಣಿತದ ಪರೀಕ್ಷೆಗೆ ಬಾರದವರ ಮುಂದೆ ‘ಗೈರು’ ಎಂದು ಬರೆದು, =ಇಫ್(ಡಿ5>=35,"ಪಾಸ್","ಫೇಲ್") ಕೊಟ್ಟರೆ ಗೈರಾದ ಮಗು ಪಾಸ್! ಹೋಲಿಕೆಗೆ ಬಂದಾಗ ಅಕ್ಷರ ಯಾವ ಸಂಖ್ಯೆಗಿಂತಲೂ ದೊಡ್ಡದು ಎಂಬುದು ಕ್ಯಾಲ್ಕ್‌ನ ಲೆಕ್ಕ. ಎಕ್ಸೆಲ್‌ನಲ್ಲೂ ಹೀಗೆಯೇ. ಗೈರುಹಾಜರಿಗೆ ಬೇರೆ ಕಾಲಂ ಇಟ್ಟು ಅಂಕದ ಕೋಶ ಖಾಲಿ ಬಿಡುವುದು ಸುಲಭದ ದಾರಿ. ಗಡಿಯನ್ನೂ 625ರಂತೆ ಪ್ರತ್ಯೇಕ ಕೋಶದಲ್ಲಿ ಇಟ್ಟರೆ ನಾಳೆ ನಿಯಮ ಬದಲಾದಾಗ ಒಂದೇ ಕಡೆ ತಿದ್ದಿದರೆ ಸಾಕು.

ಮಕ್ಕಳು ಕೂರುವ ಮುನ್ನ ಶಿಕ್ಷಕರು ಪ್ರತಿ ಯಂತ್ರದಲ್ಲೂ ಲೊಕೇಲ್, ಅಂದರೆ ದಿನಾಂಕ, ಅಂಕಿಗಳನ್ನು ಯಾವ ದೇಶದ ಕ್ರಮದಲ್ಲಿ ಓದಬೇಕೆಂಬ ಆಯ್ಕೆ, ನೋಡಲೇಬೇಕು. ಟೂಲ್ಸ್, ಆಪ್ಷನ್ಸ್, ಅದರೊಳಗಿನ ಭಾಷೆಯ ವಿಭಾಗದಲ್ಲಿ ‘ಇಂಗ್ಲಿಷ್ (ಯುಎಸ್‌ಎ)’ ಇದ್ದರೆ ‘ಇಂಗ್ಲಿಷ್ (ಇಂಡಿಯಾ)’ ಮಾಡಿ. ಇಲ್ಲದಿದ್ದರೆ ಹುಟ್ಟಿದ ದಿನಾಂಕ 25/06/2011 ಅಕ್ಷರವಾಗಿ ಎಡಕ್ಕೆ ಒರಗುತ್ತದೆ, ಏಕೆಂದರೆ ಅಮೆರಿಕದ ಕ್ರಮದಲ್ಲಿ 25ನೇ ತಿಂಗಳಿಲ್ಲ. 05/06/2011 ಇನ್ನೂ ಕೆಟ್ಟದ್ದು: ಜೂನ್ 5 ಸದ್ದಿಲ್ಲದೆ ಮೇ 6 ಆಗುತ್ತದೆ, ಬಲಕ್ಕೇ ಒರಗಿರುತ್ತದೆ, ಬಣ್ಣವೂ ಕಾಪಾಡುವುದಿಲ್ಲ. ಲೊಕೇಲ್ ಇಂಡಿಯಾ ಆದರೆ ಅಲ್ಪವಿರಾಮವೂ ನಮ್ಮ ಲಕ್ಷ, ಕೋಟಿಯ ಲೆಕ್ಕಕ್ಕೆ ಬೀಳುತ್ತದೆ. ಬೆಂಗಳೂರಿನ ಸ್ಥಿರ ದೂರವಾಣಿ ಸಂಖ್ಯೆಗಳನ್ನು ತುಂಬಿಸುವುದಾದರೆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿಡಿ. ಇಲ್ಲವಾದರೆ 080ರ ಮುಂದಿನ ಸೊನ್ನೆ ಉದುರಿ 80 ಉಳಿಯುತ್ತದೆ.

ಹೆಸರುಗಳನ್ನು ಕನ್ನಡದಲ್ಲೇ ಬರೆಸಿ, ಆದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್‌ನಲ್ಲಿ. ಹಳೆಯ ನುಡಿ, ಬರಹ ಫಾಂಟುಗಳ ಕಡತದಿಂದ ನಕಲು ಮಾಡಿದ ಹೆಸರುಗಳು ಅಕಾರಾದಿಗೆ ಬಗ್ಗುವುದಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಓದಲೂ ಬರುವುದಿಲ್ಲ. ಹೆಸರಿನ ಕಾಲಂ ಒಂದನ್ನೇ ಆಯ್ದು ವಿಂಗಡಿಸಲು ಹೊರಟರೆ ಪಕ್ಕದ ಕಾಲಂಗಳನ್ನೂ ಸೇರಿಸಲೇ ಎಂದು ಕ್ಯಾಲ್ಕ್ ಕೇಳುತ್ತದೆ. ಮಕ್ಕಳು ಓದದೆ ಬೇಡವೆಂದು ಒತ್ತುತ್ತಾರೆ, ಒಬ್ಬರ ಅಂಕ ಇನ್ನೊಬ್ಬರ ಪಾಲಾಗುತ್ತದೆ. ತಕ್ಷಣ ಕಂಟ್ರೋಲ್ ಮತ್ತು ಝೆಡ್ ಒತ್ತಿಸಿ ಹಿಂದಿನಂತೆ ಮಾಡಿಸಿ.

ಕುಂದುಗಳೂ ಇವೆ. ಕನ್ನಡ ಮೆನು ಇದೆ, ಆದರೆ ಅನುವಾದ ಅಪೂರ್ಣ. ಸದ್ಯಕ್ಕೆ ಮೆನು ಇಂಗ್ಲಿಷಿನಲ್ಲಿರಲಿ. ಪುಸ್ತಕದಲ್ಲಿ ಎಕ್ಸೆಲ್ ಚಿತ್ರ ನೋಡಿದ ಮಕ್ಕಳು ತಬ್ಬಿಬ್ಬಾಗುತ್ತಾರೆ, ವ್ಯೂ ಮೆನುವಿನ ಯೂಸರ್ ಇಂಟರ್‌ಫೇಸ್‌ನಲ್ಲಿ ‘ಟ್ಯಾಬ್ಡ್’ ಆರಿಸಿದರೆ ಸುಮಾರು ಹೊಂದುತ್ತದೆ. ನಾಲ್ವರು ಒಟ್ಟಿಗೆ ಒಂದೇ ಹಾಳೆಯಲ್ಲಿ ಕೆಲಸ ಮಾಡಬೇಕೆಂದರೆ ಗೂಗಲ್ ಶೀಟ್ಸೇ ಸರಿ, ನೆಟ್ ಗಟ್ಟಿಯಿದ್ದರೆ. ಕಡತ ಮನೆಯ ಫೋನಿಗೆ ಹೋಗುವುದಾದರೆ ಎಕ್ಸೆಲ್ ಮಾದರಿಯಲ್ಲೇ ಉಳಿಸಿಕೊಡಿ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಹಳೆಯ ಯಂತ್ರಗಳಿಗೂ ಇದು ಭಾರವಲ್ಲ. ವಿಂಡೋಸ್ 7 ಇದ್ದರೆ ಮಾತ್ರ 25.8ಕ್ಕಿಂತ ಹಿಂದಿನ ಆವೃತ್ತಿ ಹಾಕಬೇಕು, 25.8 ಅದರಲ್ಲಿ ಓಡುವುದಿಲ್ಲ. ಕೀಬೋರ್ಡ್ ಕೊಳ್ಳುವಾಗ ಬಲಗಡೆ ಅಂಕಿಗಳ ಪ್ಯಾಡ್ ಇರುವುದನ್ನೇ ಆರಿಸಿ. ಅಂಕ ತುಂಬುವ ವೇಗ ಅಲ್ಲಿದೆ. ಯುಪಿಎಸ್ ಇಲ್ಲದ ಲ್ಯಾಬಾದರೆ ಆಪ್ಷನ್ಸ್ ಒಳಗಿನ ಲೋಡ್/ಸೇವ್ ವಿಭಾಗದಲ್ಲಿ 10 ನಿಮಿಷಕ್ಕೊಮ್ಮೆ ಇರುವ ಆಟೋರಿಕವರಿಯನ್ನು (ಕೆಲಸವನ್ನು ತಾನಾಗಿ ಉಳಿಸಿಕೊಳ್ಳುವ ವ್ಯವಸ್ಥೆ) 2 ನಿಮಿಷಕ್ಕೆ ಇಳಿಸಿ. 40 ನಿಮಿಷದ ಪೀರಿಯಡ್‌ನಲ್ಲಿ ಕರೆಂಟು ಹೋಗಿ 10 ನಿಮಿಷದ ಕೆಲಸ ಹಾಳಾದರೆ ಆ ಮಗುವಿಗೆ ಮತ್ತೆ ತುಂಬಲು ಹೊತ್ತು ಸಿಗುವುದಿಲ್ಲ.