ನಿಂತು ಹಾರೋದಾ, ಉರುಳುತ್ತಾ ಹಾರೋದಾ?

ಒಂದೇ ಚಕ್ರದ ಯೂನಿಸೈಕಲ್ ಓಡಿಸಲು ಬಂತು, ಇನ್ನು ಹಾರಬೇಕು ಅಲ್ವಾ?

ನಿಂತಲ್ಲೇ ಹಾರುವುದು ಸುಲಭ. ಪೆಡಲ್ ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಒಂದು ಕೈಯಲ್ಲಿ ಸೀಟಿನ ಹಿಡಿ ಹಿಡಿದು ಕುಪ್ಪಳಿಸಿ. ವಾಲಿದರೆ ಇನ್ನೊಮ್ಮೆ ಕುಪ್ಪಳಿಸಿ ಸರಿಮಾಡಿಕೊಳ್ಳಬಹುದು.

ಉರುಳುತ್ತಾ ಹಾರುವಾಗ ಆ ಎರಡನೇ ಅವಕಾಶ ಇಲ್ಲ. ಚಕ್ರ ತಿರುಗುತ್ತಲೇ ಇರುತ್ತದೆ. ಪೆಡಲ್‌ಗಳು ಸಮಕ್ಕೆ ಬಂದ ಆ ಕ್ಷಣದಲ್ಲೇ ಜಿಗಿಯಬೇಕು. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅದರ ಮೇಲೆ ಜಿಗಿದು ನೋಡಿ. ಗೆರೆ ದಾಟಿದ ಮೇಲೇ ಚಕ್ರ ಏಳುತ್ತದೆ! ನನಗಂತೂ ಎಷ್ಟೋ ದಿನ ಹಾಗೇ ಆಯಿತು. ಆದರೆ ವೇಗ ಜೊತೆಗಿರುವುದರಿಂದ ದೂರ ಜಾಸ್ತಿ ಸಿಗುತ್ತದೆ. ಇಳಿದ ತಕ್ಷಣ ತುಳಿಯುವುದು ಮರೆತರೆ ಮಾತ್ರ ಮುಂದಕ್ಕೆ ಮುಗ್ಗರಿಸುತ್ತೀರಿ.

ಮೆಟ್ಟಿಲು ಹತ್ತುವ ಆಸೆಯಿದ್ದರೆ ಮೊದಲನೆಯದೇ ಸಾಕು. ದಾರಿಯ ಗುಂಡಿ ದಾಟಬೇಕಾದರೆ ಎರಡನೆಯದು. ಮಂಡಿಗೆ ಪ್ಯಾಡ್ ಎರಡಕ್ಕೂ ಬೇಕು.