ಸ್ಟಾರ್‌ಬಕ್ಸ್ ಐಸ್ಡ್ ಚಾಯ್ ಲಾಟೆ: ಕ್ಯಾಲೊರಿ ಎಲ್ಲಿಂದ ಬರುತ್ತೆ?

ಅಮೆರಿಕದ ಮೆನುವಿನಲ್ಲಿ ಗ್ರಾಂಡೆ ಲೋಟಕ್ಕೆ (473 ಮಿ.ಲೀ.) ಬಹುಕಾಲ ಬರೆದಿದ್ದ ಲೆಕ್ಕ 240 ಕ್ಯಾಲೊರಿ, 42 ಗ್ರಾಂ ಸಕ್ಕರೆ. ಅರ್ಧ ಲೋಟ ಐಸೇ ತುಂಬಿದ್ದರೂ ಇಷ್ಟು! ತಪ್ಪು ಹಾಲಿನದ್ದಲ್ಲ. ಚಹಾ, ಮಸಾಲೆ, ಸಕ್ಕರೆ ಮೊದಲೇ ಬೆರೆಸಿಟ್ಟ ಗಟ್ಟಿ ದ್ರಾವಣದ್ದು. ಹಾಗಾಗಿ ಕೆನೆ ತೆಗೆದ ಹಾಲು ಕೇಳಿದರೆ ಕಡಿಮೆಯಾಗೋ ಕ್ಯಾಲೊರಿ ಅಲ್ಪಸ್ವಲ್ಪ. ಪಂಪ್ ಒತ್ತಿ ಲೋಟಕ್ಕೆ ಹಾಕುವ ಆ ಚಾಯ್ ದ್ರಾವಣ ನಾಲ್ಕು ಪಂಪ್ ಬದಲು ಎರಡೇ ಹಾಕಿ ಅಂದರೆ ನಿಜವಾದ ಉಳಿತಾಯ. ಐಸ್ ಕಡಿಮೆ ಅಂದರೆ ಆ ಜಾಗಕ್ಕೆ ಹಾಲು ಸುರೀತಾರೆ, ಜೋಕೆ.

ರುಚಿ? ಚಕ್ಕೆ, ಲವಂಗ ಮುಂದೆ; ಚಹಾದ ಒಗರು ಹುಡುಕಬೇಕು. ನಮ್ಮ ನಾಲಿಗೆಗೆ ಪಾನಕದ ಹತ್ತಿರ.

ಮನೆಯಲ್ಲಾದರೆ 100 ಮಿ.ಲೀ. ನೀರಿಗೆ ಎರಡು ಚಮಚ ಚಹಾಪುಡಿ, ಜಜ್ಜಿದ ಶುಂಠಿ, ಏಲಕ್ಕಿ ಹಾಕಿ ನಾಲ್ಕು ನಿಮಿಷ ಕುದಿಸಿ. ಬಿಸಿಯಲ್ಲೇ 10 ಗ್ರಾಂ ಸಕ್ಕರೆ ಕರಗಿಸಿ, ತಣ್ಣಗಾದ ಮೇಲೆ ಸರಿಯಾಗಿ ಕರಗೋದಿಲ್ಲ. ಸೋಸಿ, ಫ್ರಿಜ್‌ನಲ್ಲಿ ಆರಿಸಿ, 150 ಮಿ.ಲೀ. ನೀಲಿ ಪ್ಯಾಕೆಟ್ ನಂದಿನಿ ಹಾಲು ಬೆರೆಸಿ: ಸುಮಾರು 130 ಕ್ಯಾಲೊರಿ. ಬಿಸಿ ಡಿಕಾಕ್ಷನ್ನನ್ನೇ ಐಸ್ ಮೇಲೆ ಸುರಿದರೆ ನೀರುನೀರು.