ನೇತ್ರಾಣಿಯಲ್ಲಿ ನಾಲ್ಕು ಸೀಸನ್, 22 ಡೈವ್: ಬಾಡಿಗೆ ಸ್ಕೂಬಾ ಗೇರ್ ಮತ್ತು 7ನೇ ನಂಬರಿನ ಜಾಕೆಟ್

2021ರ ನವೆಂಬರ್‌ನಲ್ಲಿ ನಾನೂ ನನ್ನ ತಂಗಿಯೂ ಮುರುಡೇಶ್ವರದ ಒಂದು ಡೈವ್ ಶಾಪ್‌ನಲ್ಲಿ ಸ್ಕೂಬಾ ಕಲಿತೆವು. ಆಮೇಲೆ ಪ್ರತಿ ಸೀಸನ್ ಅಲ್ಲಿಗೇ ಹೋಗಿದ್ದೇವೆ. ಇಲ್ಲಿವರೆಗೆ ಅವರ ಜೊತೆ 22 ಡೈವ್ ಆಗಿದೆ. ಅದರಲ್ಲಿ 18 ಪೂರ್ತಿ ಅವರದೇ ಬಾಡಿಗೆ ಗೇರ್‌ನಲ್ಲಿ. ಅಂಗಡಿಯ ಹೆಸರು ಹಾಕುತ್ತಿಲ್ಲ. ಅಲ್ಲಿ ದುಡಿಯುವ ಹುಡುಗರ ಹೊಟ್ಟೆ ಮೇಲೆ ಹೊಡೆಯುವುದು ನನಗೆ ಬೇಕಿಲ್ಲ. ಆದರೆ ಗೇರ್ ಕೆಟ್ಟಾಗ ಏನಾಯಿತು, ಕೆಟ್ಟಿದೆ ಅಂತ ಹೇಳಿದಾಗ ಅವರು ಏನು ಮಾಡಿದರು ಅನ್ನೋದನ್ನ ಬರೆಯಲೇಬೇಕು.

ಮೊದಲು ಒಳ್ಳೆಯ ಮಾತು. ನೇತ್ರಾಣಿ ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್. ಬೋಟ್‌ನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು. 123 ಅಡಿಯ ಶಿವ ಹಿಂದೆ ಚಿಕ್ಕದಾಗುತ್ತಾ ಹೋಗುವುದನ್ನು ನೋಡುತ್ತಾ ಕೂತರೆ ದಾರಿ ಸವೆಯುತ್ತದೆ. ನೀರು ತಿಳಿಯಾಗಿರುವ ದಿನ ಕೆಳಗಿನ ಬಂಡೆ ಬೋಟ್‌ನಿಂದಲೇ ಕಾಣುತ್ತದೆ. ಡೈವ್ ಮಾಡಿಸುವ ಇನ್‌ಸ್ಟ್ರಕ್ಟರ್‌ಗಳು ನಿಜಕ್ಕೂ ಒಳ್ಳೆಯವರು. ಮೊದಲ ದಿನ ಮಾಸ್ಕ್‌ಗೆ ನೀರು ತುಂಬಿಸಿಕೊಂಡು ಖಾಲಿ ಮಾಡುವುದನ್ನು ಕಲಿಸುವಾಗ ನನ್ನ ತಂಗಿ ಹೆದರಿ ಮೂರು ಸಲ ಮೇಲೆ ಬಂದಳು. ಮೂರು ಸಲವೂ ಬೈಯದೆ, ಅವಸರ ಮಾಡದೆ ಮತ್ತೆ ಕರೆದುಕೊಂಡು ಹೋದರು. ಆ ತಾಳ್ಮೆಗೆ ನಾನು ಇವತ್ತಿಗೂ ಋಣಿ.

ಮೊದಲ ಸೀಸನ್‌ನಲ್ಲಿ ಗೇರ್ ಹೆಚ್ಚುಕಡಿಮೆ ಹೊಸದು. ತಕರಾರು ಏನೂ ಇರಲಿಲ್ಲ.

ಎರಡನೇ ಸೀಸನ್‌ನಿಂದ ಒಂದೊಂದೇ ಶುರುವಾಯಿತು. ಮಾಸ್ಕ್‌ನ ಪಟ್ಟಿ ನೀರಿಗೆ ಇಳಿಯುವ ಮುಂಚೆಯೇ ಕಿತ್ತುಬಂತು. ತಂಗಿಯ ವೆಟ್‌ಸೂಟ್‌ನ ಜಿಪ್ ಅರ್ಧಕ್ಕೆ ನಿಂತಿತು. ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಇರುತ್ತದಲ್ಲ, ನನ್ನದರ ಮೌತ್‌ಪೀಸ್ ಹಲ್ಲು ಕಚ್ಚುವ ಕಡೆ ಹರಿದಿತ್ತು, ಪ್ರತಿ ಉಸಿರಿಗೂ ಉಪ್ಪುನೀರಿನ ಹನಿ ಬರುತ್ತಿತ್ತು. ಇವೆಲ್ಲ ಸಣ್ಣಪುಟ್ಟದ್ದು. ದಿನಾ ಹತ್ತಾರು ಜನ ಹಾಕಿ ಬಿಚ್ಚುವ ಸಾಮಾನು, ಉಪ್ಪುನೀರಲ್ಲಿ ಮುಳುಗಿ ಬಿಸಿಲಲ್ಲಿ ಒಣಗುವ ಸಾಮಾನು, ಸವೆಯದೆ ಇರುತ್ತಾ? ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ.

ಆದರೆ ಅದೇ ಸೀಸನ್‌ನಲ್ಲಿ ಗೇಜ್ ಒಂದು ಕೈಕೊಟ್ಟಿತು. ಸಿಲಿಂಡರ್‌ನಲ್ಲಿ ಗಾಳಿ ಎಷ್ಟು ಉಳಿದಿದೆ ಅಂತ ತೋರಿಸುವ ಮುಳ್ಳು ಅದು. ತುಂಬಿದ ಸಿಲಿಂಡರ್‌ನ ಒತ್ತಡ ಸುಮಾರು 200 ಬಾರ್ ಇರುತ್ತದೆ, 50ಕ್ಕೆ ಬಂದಾಗ ಮೇಲೆ ಬಂದಿರಬೇಕು ಅನ್ನೋದು ರೂಢಿ. ನಾನೂ ತಂಗಿಯೂ ಸುಮಾರಾಗಿ ಒಂದೇ ಲೆಕ್ಕದಲ್ಲಿ ಗಾಳಿ ಖರ್ಚು ಮಾಡುತ್ತೇವೆ. ಅವಳದು 60 ತೋರಿಸುವಾಗ ನನ್ನದು 90 ಅನ್ನುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೂ 90. ಬೆರಳಿನಿಂದ ಗಾಜನ್ನು ಕುಟ್ಟಿದೆ. ಮುಳ್ಳು ಸರ್ರನೆ ಕೆಳಗೆ ಬಿದ್ದು 55ಕ್ಕೆ ನಿಂತಿತು.

ಮೇಲೆ ಬಂದು ಹೇಳಿದೆ. ಕೌಂಟರ್‌ನಲ್ಲಿದ್ದವರು, "ಹೌದು ಮೇಡಂ, ಅದು ಹಾಗೇ. ತಟ್ಟಿದ್ರೆ ಸರಿ ಹೋಗುತ್ತೆ" ಅಂದರು. ಅಂದರೆ ಅವರಿಗೆ ಮೊದಲೇ ಗೊತ್ತಿತ್ತು. ಅವತ್ತೇ ನಾನು ಗಟ್ಟಿಯಾಗಿ ಕೇಳಬೇಕಿತ್ತು. ಪರಿಚಯದವರು, ನಮಗೆ ಕಲಿಸಿದವರು ಅನ್ನೋ ದಾಕ್ಷಿಣ್ಯಕ್ಕೆ ಸುಮ್ಮನಾದೆ.

ಈಗ ಆ ಜಾಕೆಟ್ ವಿಷಯ. 2024ರ ಮಾರ್ಚ್.

ಗೊತ್ತಿಲ್ಲದವರಿಗೆ ಒಂದು ಮಾತು. ಡೈವ್ ಮಾಡುವಾಗ ಹಾಕುವ ಜಾಕೆಟ್‌ಗೆ ಸಿಲಿಂಡರ್‌ನಿಂದಲೇ ಒಂದು ಸಣ್ಣ ಹೋಸ್ ಬರುತ್ತದೆ. ಎಡಗಡೆ ಎದೆಯ ಹತ್ತಿರ ಎರಡು ಬಟನ್. ಒಂದು ಒತ್ತಿದರೆ ಜಾಕೆಟ್‌ಗೆ ಗಾಳಿ ತುಂಬಿ ಮೇಲೇಳುತ್ತೀರಿ, ಇನ್ನೊಂದು ಒತ್ತಿದರೆ ಗಾಳಿ ಹೊರಗೆ ಹೋಗಿ ಕೆಳಗಿಳಿಯುತ್ತೀರಿ. ಗಾಳಿ ತುಂಬುವ ಬಟನ್ ಹಿಂದೆ ಇರುವುದು ಕಾರಿನ ಟಯರ್‌ನಲ್ಲಿ ಇರುತ್ತಲ್ಲ, ಅದೇ ಥರದ ಪುಟ್ಟ ವಾಲ್ವ್. ಅದರಲ್ಲಿ ಉಪ್ಪೋ ಮರಳೋ ಕೂತರೆ ಬಟನ್ ಬಿಟ್ಟ ಮೇಲೂ ವಾಲ್ವ್ ಮುಚ್ಚಿಕೊಳ್ಳುವುದಿಲ್ಲ.

ಅವತ್ತು ನನಗೆ ಕೊಟ್ಟ ಜಾಕೆಟ್‌ನ ಬೆನ್ನಲ್ಲಿ ಬಿಳಿ ಪೇಂಟ್‌ನಲ್ಲಿ 7 ಅಂತ ಬರೆದಿತ್ತು. ಬೋಟ್ ಮೇಲೆ ಬಟನ್ ಒತ್ತಿ ನೋಡಿದ್ದೆ, ಕೆಲಸ ಮಾಡಿತು. ಬಟನ್ ಸುತ್ತ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿದ್ದು ಕಣ್ಣಿಗೆ ಬಿದ್ದಿತ್ತು. ಉಗುರಿನಿಂದ ಕೆರೆದು ಹಾಕಿ ಸುಮ್ಮನಾದೆ.

14 ಮೀಟರ್ ಆಳದಲ್ಲಿದ್ದೆವು. ಒಂದು ಗಿಳಿಮೀನು ಬಂಡೆಯ ಮೇಲಿನ ಹವಳವನ್ನು ಕರಕರ ಕಚ್ಚುತ್ತಿತ್ತು. ನೀರಿನ ಕೆಳಗೆ ಆ ಸದ್ದು ಚೆನ್ನಾಗಿ ಕೇಳುತ್ತದೆ. ಹತ್ತಿರ ಹೋಗೋಣ ಅಂತ ಒಂದು ಚೂರು ಗಾಳಿ ಹಾಕಿ ಬಟನ್ ಬಿಟ್ಟೆ. ಕಿವಿಯ ಪಕ್ಕ 'ಸ್‌ಸ್' ಅನ್ನೋ ಸದ್ದು ನಿಲ್ಲಲೇ ಇಲ್ಲ. ಪಕ್ಕೆಗಳ ಸುತ್ತ ಜಾಕೆಟ್ ಬಿಗಿಯಾಯಿತು. ಗಿಳಿಮೀನು ಕಾಲ ಕೆಳಗೆ ಹೋಯಿತು. ಮೀನು ಇಳಿದಿದ್ದಲ್ಲ, ನಾನೇ ಏರುತ್ತಿದ್ದೆ.

ಇಂಥ ಹೊತ್ತಲ್ಲಿ ಏನು ಮಾಡಬೇಕು ಅಂತ ಕೋರ್ಸ್‌ನಲ್ಲಿ ಕಲಿಸಿರುತ್ತಾರೆ. ಹೋಸ್ ಎತ್ತಿ ಹಿಡಿದು ಗಾಳಿ ಬಿಡುವ ಬಟನ್ ಒತ್ತಬೇಕು, ಇನ್ನೊಂದು ಕೈಯಿಂದ ಹೋಸ್‌ನ ಕೊಂಡಿ ಹಿಂದಕ್ಕೆ ಎಳೆದು ಕೀಳಬೇಕು. ಉಸಿರು ಮಾತ್ರ ಹಿಡಿಯಲೇಬಾರದು. ಬಟನ್ ಒತ್ತಿದೆ. ಕೊಂಡಿ ಎಳೆದೆ. ಬರಲಿಲ್ಲ. ಅಲ್ಲೂ ಉಪ್ಪು ಕಟ್ಟಿತ್ತು. ಕೈಗೆ ಕಟ್ಟಿದ್ದ, ಆಳ ಮತ್ತು ಏರುವ ವೇಗ ನೋಡುವ ಡೈವ್ ಕಂಪ್ಯೂಟರ್ 'ನಿಧಾನ' ಅಂತ ಬೀಪ್ ಹೊಡೆಯುತ್ತಿತ್ತು. ಬಾಯಿಂದ 'ಆ' ಅನ್ನುತ್ತಾ ಗಾಳಿ ಬಿಡುತ್ತಲೇ ಇದ್ದೆ. ಅಷ್ಟರಲ್ಲಿ ಇನ್‌ಸ್ಟ್ರಕ್ಟರ್ ನನ್ನ ಕಾಲಿನ ಫಿನ್ (ಈಜುರೆಕ್ಕೆ) ಹಿಡಿದರು, ಜಾಕೆಟ್‌ನ ಹಿಂದಿನ ದಾರ ಎಳೆದು ಗಾಳಿ ಬಿಟ್ಟರು. ಎರಡನೇ ಸಲ ಎಳೆದಾಗ ಹೋಸ್ ಕಿತ್ತುಬಂತು. ನಿಂತಾಗ 6 ಮೀಟರ್. ಇನ್ನೊಂದು ಮೀಟರ್ ಮೇಲೆ ಲಂಗರಿನ ಹಗ್ಗ ಹಿಡಿದುಕೊಂಡು ಮೂರು ನಿಮಿಷ ನಿಂತೆವು. ಅವರು ನನ್ನ ಮಣಿಕಟ್ಟು ಬಿಡಲೇ ಇಲ್ಲ.

ಯಾಕೆ ಇಷ್ಟು ವಿವರ ಅಂದರೆ, ಇದು ಬರೀ 'ಬೇಗ ಮೇಲೆ ಬಂದೆ' ಅನ್ನೋ ವಿಷಯ ಅಲ್ಲ. 10 ಮೀಟರ್ ಕೆಳಗೆ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಎದೆ ತುಂಬ ಎಳೆದ ಉಸಿರು ನೀರಿನ ಮೇಲೆ ಬರುವಾಗ ಎರಡರಷ್ಟಾಗುತ್ತದೆ. ಹೆದರಿ ಬಾಯಿ ಮುಚ್ಚಿಕೊಂಡರೆ ಶ್ವಾಸಕೋಶವೇ ಹರಿಯಬಹುದು. ಜಾಕೆಟ್ ಒಳಗಿನ ಗಾಳಿಯೂ ಹಾಗೇ ಹಿಗ್ಗುತ್ತಾ ಹೋಗುತ್ತದೆ, ಮೇಲೇರಿದಷ್ಟೂ ಇನ್ನೂ ಜೋರಾಗಿ ಏರಿಸುತ್ತದೆ.

ಬೋಟ್ ಮೇಲೆ ಅದೇ ಜಾಕೆಟ್‌ಗೆ ಹೋಸ್ ಸಿಕ್ಕಿಸಿ ತೋರಿಸಿದೆ. ಯಾರೂ ಮುಟ್ಟದೆಯೇ ಪೂರಿ ಉಬ್ಬಿದ ಹಾಗೆ ಉಬ್ಬಿತು. ಎಲ್ಲರೂ ನೋಡಿದರು.

ದಡಕ್ಕೆ ಬಂದು ಮ್ಯಾನೇಜರ್‌ಗೆ ಹೇಳಿದೆ. ಅವರು ಕೂರಿಸಿ ಚಹಾ ಕೊಟ್ಟರು. "ನೀವು ಟ್ರೇನ್ ಆದವರು ಅಲ್ವಾ ಮೇಡಂ, ಚೆನ್ನಾಗೇ ಮ್ಯಾನೇಜ್ ಮಾಡಿದ್ರಲ್ಲ. ಸಮುದ್ರ ಅಂದ್ಮೇಲೆ ಇವೆಲ್ಲ ಇದ್ದಿದ್ದೇ" ಅಂದರು. ಎಲ್ಲಾದರೂ ಬರೆದುಕೊಳ್ಳುತ್ತೀರಾ ಅಂತ ಕೇಳಿದೆ. ಅಂಥ ಪುಸ್ತಕ ಅವರ ಹತ್ತಿರ ಇರಲಿಲ್ಲ. "ನಾನು ನೋಡ್ಕೋತೀನಿ" ಅಂದರು. ನಂಬಿದೆ.

ಮರುದಿನ ಬೆಳಿಗ್ಗೆ ಬೋಟ್ ಹತ್ತುವ ಕಡೆ ಹುಬ್ಬಳ್ಳಿಯಿಂದ ಬಂದ ಕಾಲೇಜು ಹುಡುಗರ ಗುಂಪು. ಒಂದು ದಿನದ ಟ್ರಯಲ್ ಡೈವ್‌ಗೆ ಬಂದವರು. ಈಜು ಬರದವರೂ ಇದ್ದರು. ಅಂಥವರಿಗೆ ಮೇಲಿನಿಂದ ಕೆಳಗಿನವರೆಗೆ ಇನ್‌ಸ್ಟ್ರಕ್ಟರೇ ಹಿಡಿದುಕೊಂಡಿರುತ್ತಾರೆ, ಬಟನ್ ಒತ್ತುವುದೂ ಅವರೇ. ಒಬ್ಬ ಹುಡುಗ ನನ್ನ ಕಡೆ ಬೆನ್ನು ಮಾಡಿ ಸೆಲ್ಫಿ ತೆಗೆಸಿಕೊಳ್ಳುತ್ತಿದ್ದ. ಬೆನ್ನಲ್ಲಿ 7.

ನನಗೆ ಕೊಂಡಿ ಕೀಳುವುದು ಗೊತ್ತಿತ್ತು, ಆದರೂ ಅದು ಮೊದಲ ಸಲಕ್ಕೆ ಬರಲಿಲ್ಲ. ಆ ಹುಡುಗನಿಗೆ ಜಾಕೆಟ್‌ನಲ್ಲಿ ಕೊಂಡಿ ಇದೆ ಅನ್ನೋದೇ ಗೊತ್ತಿಲ್ಲ. ಕೈಕಾಲು ತಣ್ಣಗಾಯಿತು. ನೀರಿನ ಕೆಳಗೆ ಆಗದ ಹೆದರಿಕೆ ದಡದಲ್ಲಿ ಆಯಿತು.

ಬೋಟ್‌ನಲ್ಲಿ ಕೆಲಸ ಮಾಡುವ ಹುಡುಗನನ್ನು ಕರೆದೆ. ಅಲ್ಲೇ ಮೀನುಗಾರರ ಮನೆಯವನು, ನಾಲ್ಕೂ ಸೀಸನ್‌ನಿಂದ ನಮಗೆ ಪರಿಚಯ. "ತಮ್ಮಾ, ನಿನ್ನೆಯ ಜಾಕೆಟ್ ಅಲ್ವಾ ಅದು?" ಅಂದೆ. ಅವನು ಏನೂ ಮಾತಾಡದೆ ಹೋಗಿ ಆ ಹುಡುಗನ ಮೈಮೇಲಿಂದ ಬಿಚ್ಚಿಸಿದ, ಬೇರೆ ಕೊಟ್ಟ. ಆಮೇಲೆ 7ನೇ ನಂಬರಿನ ಜಾಕೆಟ್‌ನ ಬಟನ್ ಇರುವ ಭಾಗವನ್ನೇ ತಿರುಗಿಸಿ ಬಿಚ್ಚಿ ಎಂಜಿನ್ ಹತ್ತಿರದ ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿದ. "ಇನ್ನು ಇದನ್ನ ಯಾರಿಗೂ ಕೊಡ್ಲಿಕ್ಕೆ ಆಗುದಿಲ್ಲ ಅಕ್ಕ" ಅಂದ.

ಉಪ್ಪು ಯಾಕೆ ಕಟ್ಟುತ್ತದೆ ಅಂತ ಹೇಳಿದ್ದೂ ಅವನೇ. ಡೈವ್ ಮುಗಿದ ಮೇಲೆ ಪ್ರತಿ ಸಾಮಾನನ್ನೂ ಸಿಹಿನೀರಲ್ಲಿ ಅದ್ದಿ ತೊಳೆಯಬೇಕು, ಜಾಕೆಟ್‌ನ ಒಳಗೂ ನೀರು ಹಾಕಿ ಕುಲುಕಿ ಚೆಲ್ಲಬೇಕು. ಆ ಮಾರ್ಚ್‌ನಲ್ಲಿ ಬಾವಿ ತಳ ಕಂಡಿತ್ತು. ಟ್ಯಾಂಕರ್ ನೀರು ಕುಡಿಯಲಿಕ್ಕೆ, ಬಾತ್‌ರೂಮಿಗೆ ಅಂತ ಇಟ್ಟುಕೊಂಡಿದ್ದರು. ಗೇರ್ ತೊಳೆಯುವ ತೊಟ್ಟಿಯ ನೀರು ಮೂರು ದಿನಕ್ಕೊಮ್ಮೆ ಬದಲಾಗುತ್ತಿತ್ತು, ಅಷ್ಟರಲ್ಲಿ ಅದೂ ಉಪ್ಪುನೀರೇ. ಇದನ್ನು ಕೇಳಿ ನನಗೆ ಬೇಜಾರಾಯಿತು. ಕಷ್ಟ ನಿಜವಾದದ್ದೇ. ಆದರೆ ಆ ಕಷ್ಟವನ್ನು ನಮಗೆ ಹೇಳದೆ ದುಡ್ಡು ಮಾತ್ರ ಪೂರ್ತಿ ತೆಗೆದುಕೊಂಡರು.

ಊರಿಗೆ ಬಂದು ಇಮೇಲ್ ಬರೆದೆ. ಮೂರೇ ವಿಷಯ ಕೇಳಿದ್ದೆ: ಆ ಜಾಕೆಟ್ ರಿಪೇರಿ ಆಯಿತಾ, ರೆಗ್ಯುಲೇಟರ್‌ಗಳಿಗೆ ಕೊನೆಯ ಸರ್ವಿಸ್ ಯಾವಾಗ ಆಗಿದೆ, ಕೆಟ್ಟ ಗೇರ್ ಬಗ್ಗೆ ಬರೆದಿಡುವ ಪುಸ್ತಕ ಇಡುತ್ತೀರಾ. 11 ದಿನ ಆದ ಮೇಲೆ ಉತ್ತರ ಬಂತು. 'ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ಮುಂದಿನ ಡೈವ್‌ಗೆ ಶೇ. 15 ರಿಯಾಯಿತಿ.' ನನ್ನ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಇಲ್ಲ. ಮತ್ತೆ ಎರಡು ಸಲ ಬರೆದೆ. ಏನೂ ಬರಲಿಲ್ಲ. ಆ ರಿಯಾಯಿತಿಯನ್ನು ನಾನು ಬಳಸಿಲ್ಲ.

ಹಾಗಾದರೆ 2024ರ ಡಿಸೆಂಬರ್‌ನಲ್ಲಿ ಮತ್ತೆ ಅಲ್ಲಿಗೇ ಯಾಕೆ ಹೋದೆ ಅಂತ ತಂಗಿಯೂ ಕೇಳಿದಳು. ನನ್ನನ್ನು ಹಿಡಿದು ನಿಲ್ಲಿಸಿದ ಇನ್‌ಸ್ಟ್ರಕ್ಟರ್ ಅಲ್ಲೇ ಇದ್ದಾರೆ. ಆ ಜಾಕೆಟ್ ಏನಾಯಿತು ಅಂತ ಕಣ್ಣಾರೆ ನೋಡಬೇಕಿತ್ತು. ಅಷ್ಟು ಹೊತ್ತಿಗೆ ನಾನು ಸ್ವಂತ ಮಾಸ್ಕ್, ರೆಗ್ಯುಲೇಟರ್, ಗೇಜ್, ಕಂಪ್ಯೂಟರ್ ತೆಗೆದುಕೊಂಡಿದ್ದೆ. ಉಳಿತಾಯದ ದೊಡ್ಡ ಭಾಗವೇ ಹೋಯಿತು, ಬೇಸರ ಇಲ್ಲ. ಜಾಕೆಟ್, ಸಿಲಿಂಡರ್ ಮಾತ್ರ ಈಗಲೂ ಬಾಡಿಗೆ.

ನೋಡಿದ್ದನ್ನು ಇದ್ದ ಹಾಗೆ ಹೇಳಬೇಕು. 7ನೇ ನಂಬರ್ ಅಲ್ಲೇ ನೇತಾಡುತ್ತಿತ್ತು, ಬಟನ್ ಭಾಗ ಹೊಸದು. ಮಳೆಗಾಲದಲ್ಲಿ ಡೈವ್ ನಿಂತಾಗ ಅರ್ಧದಷ್ಟು ಗೇರ್ ಸರ್ವಿಸ್‌ಗೆ ಹೋಗಿತ್ತಂತೆ. ತೊಳೆಯುವ ತೊಟ್ಟಿ ಎರಡಾಗಿದೆ. ಕೆಲವು ರೆಗ್ಯುಲೇಟರ್‌ಗೆ ತಾರೀಕಿನ ಚೀಟಿ ಇದೆ, ಕೆಲವಕ್ಕೆ ಇಲ್ಲ. ಇಲ್ಲದವುಗಳ ಬಗ್ಗೆ ಕೇಳಿದರೆ ಕೌಂಟರ್‌ನಲ್ಲಿ ಸಿಗುವ ಉತ್ತರ ಈಗಲೂ "ಎಲ್ಲಾ ಸರಿ ಇದೆ ಮೇಡಂ". ಪುಸ್ತಕ ಇಲ್ಲ.

ಐದಕ್ಕೆ ಅಂಕ ಕೊಡುವುದಾದರೆ ಇನ್‌ಸ್ಟ್ರಕ್ಟರ್‌ಗಳಿಗೆ 5, ಗೇರ್‌ಗೆ ಮೊದಲು 2, ಈಗ 3. ದೂರು ಕೇಳುವ ರೀತಿಗೆ 1, ಅದರಲ್ಲಿ ಬದಲಾವಣೆ ಇಲ್ಲ.

ನೀವು ಹೋಗುವುದಾದರೆ, ಯಾವ ಅಂಗಡಿ ಆದರೂ ಸರಿ, ಬೋಟ್ ಹತ್ತುವ ಮುಂಚೆ ಜಾಕೆಟ್‌ಗೆ ಸಿಲಿಂಡರ್ ಸಿಕ್ಕಿಸಿ, ಅರ್ಧ ಗಾಳಿ ತುಂಬಿಸಿ, ಬಟನ್ ಬಿಟ್ಟು ಐದು ನಿಮಿಷ ಹಾಗೇ ಇಡಿಸಿ. ತಾನಾಗಿ ಉಬ್ಬುತ್ತಾ ಹೋದರೆ ಬೇರೆ ಕೇಳಿ, ಸೊರಗಿದರೂ ಬೇರೆ ಕೇಳಿ. ಹೋಸ್‌ನ ಕೊಂಡಿ ಎರಡು ಸಲ ಹಾಕಿ ತೆಗೆದು ನೋಡಿ. ಗೇಜ್ ನೋಡುತ್ತಾ ರೆಗ್ಯುಲೇಟರ್‌ನಿಂದ ನಾಲ್ಕು ಸಲ ಉಸಿರಾಡಿ. ಮುಳ್ಳು ಉಸಿರಿಗೊಮ್ಮೆ ಕೆಳಗೆ ಹೋಗಿ ಬರುತ್ತಿದ್ದರೆ ಸಿಲಿಂಡರ್‌ನ ವಾಲ್ವ್ ಪೂರ್ತಿ ತೆರೆದಿಲ್ಲ. ಟ್ರಯಲ್ ಡೈವ್‌ಗೆ ಹೋಗುವವರೂ ಇದನ್ನು ಕೇಳಬಹುದು, ಅದಕ್ಕೆ ಟ್ರೇನಿಂಗ್ ಬೇಕಿಲ್ಲ. ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಕಳೆದ ಸಲ ನಾವು ದಡಕ್ಕೆ ಹೋಗುವಷ್ಟರಲ್ಲಿ ಆ ಬೋಟ್ ಹುಡುಗ ಒಂದು ಸಿಲಿಂಡರ್ ಪಕ್ಕಕ್ಕೆ ಇಟ್ಟುಕೊಂಡು ಕಾಯುತ್ತಿದ್ದ. "ಬನ್ನಿ ಅಕ್ಕ, ಎಲ್ಲಾ ಜಾಕೆಟ್ಟೂ ಒಮ್ಮೆ ಊದಿಸಿ ನೋಡುವ" ಅಂದ. 14 ಜಾಕೆಟ್ ಇದ್ದವು. ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೇ ಗಾಳಿ ತುಂಬಿಸಿ ಬಿಟ್ಟೆವು. ಎರಡನ್ನು ಪಕ್ಕಕ್ಕೆ ಇಟ್ಟೆವು. ಬೋಟ್ ಅರ್ಧ ಗಂಟೆ ತಡವಾಗಿ ಹೊರಟಿತು.